ನಮಗೆ ಚೆಲ್ಲಾಟ, ಬೆಕ್ಕಿಗೆ ಪ್ರಾಣಸಂಕಟ

ಅಲ್ರೀ, ಸಾವಿರಾರು ರೂಪಾಯಿ ಕೊಟ್ಟು ಪರ್ಷಿಯನ್ ಬೆಕ್ಕಿನ ಮರಿ ತರ್ತೀವಿ, ಅವತ್ತೇ ಸಂಜೆ ನೆಂಟರನ್ನೆಲ್ಲ ಕರೆದು ಕೈಯಿಂದ ಕೈಗೆ ದಾಟಿಸ್ತೀವಿ! ಅದು ಮರಿಯೋ, ಮದುವೆಮನೆ ತಾಂಬೂಲವೋ?

ಕಳೆದ ತಿಂಗಳು ನಾನೂ ಇದನ್ನೇ ಮಾಡಿದೆ. ಮಾರಿದವನು "45 ದಿನ ಆಗಿದೆ, ಸಾಕು ಸಾರ್" ಅಂದ, ನಂಬಿದೆ. ಮರಿ ತಾಯಿ ಜೊತೆ ಸುಮಾರು 12 ವಾರ ಇರಬೇಕು ಅಂತ ಓದಿದ್ದು ಆಮೇಲೆ. ಬಟ್ಟಲು ತುಂಬ ಹಸುವಿನ ಹಾಲಿಟ್ಟೆ. ಬೆಳೀತಾ ಬೆಳೀತಾ ಬೆಕ್ಕುಗಳಿಗೆ ಹಾಲಿನ ಲ್ಯಾಕ್ಟೋಸ್ ಅರಗೋದು ಕಮ್ಮಿಯಾಗುತ್ತೆ ಅನ್ನೋದೂ ಗೊತ್ತಿರಲಿಲ್ಲ. ಭೇದಿ ಶುರುವಾಯ್ತು. ಮರಿ ಬೀರು ಕೆಳಗೆ ಸೇರಿಕೊಂಡು ಇಡೀ ದಿನ ಏನೂ ತಿನ್ನಲಿಲ್ಲ. "ಇಷ್ಟು ಚಿಕ್ಕ ಮರಿ ಒಂದು ದಿನ ಉಪವಾಸ ಬಿದ್ದರೂ ಅಪಾಯ" ಅಂತ ಡಾಕ್ಟರ್ ಬೈದರು.

ಅಮ್ಮ ಕೇಳಿದ್ದು ಇಷ್ಟೇ: "ಹೊಸ ಸೊಸೆಗೂ ಒಂದು ಕೋಣೆ ಕೊಡ್ತೀವಿ, ಇದಕ್ಕೆ ಬೇಡ್ವೇನೋ?"

ಸರಿ, ಒಂದು ಸಣ್ಣ ಕೋಣೆ. ಒಂದು ಮೂಲೆಯಲ್ಲಿ ಮರಳಿನ ಟ್ರೇ, ದೂರದ ಮೂಲೆಯಲ್ಲಿ ನೀರು, ಅಲ್ಲಿ ತಿನ್ನುತ್ತಿದ್ದ ಅದೇ ಆಹಾರ, ಅವಿತುಕೊಳ್ಳೋಕೆ ರಟ್ಟಿನ ಡಬ್ಬ. ಯಾರೂ ಎತ್ತಿಕೊಳ್ಳೋ ಹಾಗಿಲ್ಲ. ನಾಲ್ಕನೇ ದಿನ ತಾನಾಗೇ ಬಂದು ಅಮ್ಮನ ಮಡಿಲೇರಿತು.

ತಳಿಯ ಸರ್ಟಿಫಿಕೇಟ್ ಓದಿ ಬೀಗೋದು ನಾವು. ಮರಿಗೆ ಬೇಕಿರೋದು ಒಂದು ವಾರದ ನೆಮ್ಮದಿ. ಅಷ್ಟೂ ಕೊಡೋಕಾಗದಿದ್ರೆ ಗೊಂಬೆ ತನ್ನಿ. ನೀವೇನಂತೀರಿ?