ಕಳ್ಳನ ಗಂಟು ಕೇರಿಗೆ ಸೇರಲಿ!

ಕನ್ನಡದ ಗೆಳೆಯರೇ,

ನಿಮ್ಮ ಬಡಾವಣೆಯ ಪೊಲೀಸ್ ಠಾಣೆಯ ಮುಂದೆ ಒಮ್ಮೆ ನಿಂತು ನೋಡಿ. ತುಕ್ಕು ಹಿಡಿದ ಬೈಕುಗಳು, ಟೈರಿಲ್ಲದ ಆಟೋಗಳು, ಸೀಟಿನೊಳಗೆ ಗಿಡ ಬೆಳೆದ ಕಾರುಗಳು! ಕೇಸಿನಲ್ಲಿ ಜಪ್ತಿಯಾದವು ಕೆಲವು, ವಾರಸುದಾರರೇ ಬಾರದವು ಕೆಲವು. ಮಳೆಗೆ ನೆನೆದು ಬಿಸಿಲಿಗೆ ಒಣಗಿ ಕೊನೆಗೆ ಗುಜರಿ ತೂಕಕ್ಕೆ ಹೋಗುವ ಮಾಲು. ಅಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಮ್ಮದೇ ಸಂಘ, ವಾಚನಾಲಯಕ್ಕೆ ಒಂದು ಬೀರು ಕೊಳ್ಳಲು ಕಾಸಿಲ್ಲದೆ ಚಂದಾ ಪುಸ್ತಕ ಹಿಡಿದು ಬಾಗಿಲು ಬಾಗಿಲು ತಿರುಗುತ್ತಿದೆ. ಈ ಎರಡನ್ನೂ ಜೋಡಿಸಿ ಯಾವತ್ತಾದರೂ ಯೋಚಿಸಿದ್ದೀರಾ?

ನಮ್ಮನ್ನು ಆಳಿ ಹೋದ ಬ್ರಿಟಿಷರು ತಮ್ಮ ಮನೆಯಲ್ಲಿ ಯೋಚಿಸಿದ್ದಾರೆ. ಅವರಲ್ಲಿ 1897ರಲ್ಲೇ ಪೊಲೀಸ್ ಆಸ್ತಿ ಕಾಯ್ದೆ ಬಂತು. ಪೊಲೀಸರ ಕೈಸೇರಿದ ವಾರಸುದಾರರಿಲ್ಲದ ಮಾಲನ್ನು ಮಾರುತ್ತಾರೆ. ಖರ್ಚು ಕಳೆದು ಉಳಿದ ಹಣ ಒಂದು ನಿಧಿಗೆ ಹೋಗುತ್ತದೆ. ಆ ನಿಧಿಯಿಂದ ಊರಿನ ಸೇವಾ ಸಂಸ್ಥೆಗಳಿಗೆ ಸಹಾಯಧನ ಸಿಗುತ್ತದೆ. 2002ರಲ್ಲಿ ಇನ್ನೊಂದು ಕಾಯ್ದೆ ಬಂದು, ಮಾದಕ ವಸ್ತು ಮಾರುವವರಂಥ ಪಾತಕಿಗಳ ಅಕ್ರಮ ಗಳಿಕೆಗೂ ಕೈ ಹಾಕಿದರು.

ಬ್ರಿಟನ್ನಿನ ಪಶ್ಚಿಮಕ್ಕಿರುವ ಪುಟ್ಟ ನಾಡು ವೇಲ್ಸ್. ಅದರ ಉತ್ತರ ಭಾಗದ ಆರು ಜಿಲ್ಲೆಗಳಲ್ಲಿ ‘ನಿಮ್ಮ ಸಮುದಾಯ, ನಿಮ್ಮ ಆಯ್ಕೆ’ ಎಂಬ ಯೋಜನೆ ನಡೆದುಬಂದಿದೆ. ಪಾತಕಿಗಳಿಂದ ಕಿತ್ತ ಹಣವೂ ಆ ಯೋಜನೆಗೆ ಸೇರುತ್ತದೆ. ಯಾವ ಸಂಘಕ್ಕೆ ಕೊಡಬೇಕೆಂದು ಜನರೇ ಮತ ಹಾಕುತ್ತಾರೆ! ವೇಲ್ಸ್ ಜನರಲ್ಲಿ ವೆಲ್ಷ್ ಬಲ್ಲವರು 2021ರ ಗಣತಿಯ ಪ್ರಕಾರ ನೂರಕ್ಕೆ 17.8 ಮಾತ್ರ. ಆದರೂ 2011ರ ಕಾನೂನಿನಿಂದ ಅವರ ನುಡಿಗೆ ಅಧಿಕೃತ ಸ್ಥಾನ ಸಿಕ್ಕಿದೆ, ಪೊಲೀಸರೂ ಆ ನುಡಿಯಲ್ಲಿ ಸೇವೆ ಕೊಡಬೇಕು. ಇಲ್ಲಿ 2011ರ ಗಣತಿಯಲ್ಲಿ ನೂರಕ್ಕೆ 66 ಮಂದಿ ಕನ್ನಡ ಮಾತೃಭಾಷೆಯವರು. ನಮ್ಮ ಸಂಘಗಳಿಗೆ ಏನಿದೆ? ಕಂಪನಿಗಳ ಸಿಎಸ್‌ಆರ್ ಹಣ ಇದೆ ಎನ್ನುತ್ತೀರಾ? ಅದು ಇಂಗ್ಲಿಷಿನಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಬರೆಯಬಲ್ಲ ಜಾಣರ ಪಾಲು!

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 503 ಮತ್ತು 504ನೇ ಕಲಂ ಓದಿ. ವಾರಸುದಾರ ಯಾರೆಂದು ತಿಳಿಯದಿದ್ದರೆ ಮ್ಯಾಜಿಸ್ಟ್ರೇಟರು ಪ್ರಕಟಣೆ ಹೊರಡಿಸಬೇಕು. ಆರು ತಿಂಗಳಲ್ಲಿ ಯಾರೂ ಬರದಿದ್ದರೆ ಆ ಮಾಲು ರಾಜ್ಯ ಸರ್ಕಾರದ ವಶ. ಜಪ್ತಿ ವಸ್ತುಗಳನ್ನು ಠಾಣೆಯಲ್ಲಿ ಹದಿನೈದು ದಿನ, ಹೆಚ್ಚೆಂದರೆ ಒಂದು ತಿಂಗಳಿಗಿಂತ ಕೊಳೆಹಾಕಬೇಡಿ ಎಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಅಂದರೆ ಅಧಿಕಾರ ದಿಲ್ಲಿಯಲ್ಲಿಲ್ಲ, ವಿಧಾನಸೌಧದಲ್ಲೇ ಇದೆ. ಬೇಕಿರುವುದು ಬಜೆಟ್ಟಿನಲ್ಲಿ ಒಂದು ಸಾಲು, ಜೊತೆಗೆ ಒಂದು ನಿಯಮಾವಳಿ. ಕಳೆದುಕೊಂಡವನಿಗೆ ಅವನ ಮಾಲು ಮೊದಲು ಸೇರಲಿ. ಕೇಳುವವರಿಲ್ಲದ ಮಾಲಿನ ಹಣ ಮಾತ್ರ ಅದೇ ಕೇರಿಗೆ ಬರಲಿ!

ನಾನು ಪ್ರೆಸ್ ನಡೆಸುವವನು. ನಿಮ್ಮ ಚಂದಾ ಪುಸ್ತಕ, ರಾಜ್ಯೋತ್ಸವದ ಕರಪತ್ರ ಅಚ್ಚಾಗುವುದು ನನ್ನಂಥವರ ಬಳಿಯೇ. ಯಾರು ಎಷ್ಟು ಕೊಟ್ಟರೆಂದು ಫೋಟೋ ಅಳತೆ ನೋಡಿಯೇ ಹೇಳಬಲ್ಲೆ. ತಾಯಿ ಭುವನೇಶ್ವರಿ ಮೂಲೆಯಲ್ಲಿ ಅಂಚೆಚೀಟಿಯಷ್ಟು, ಸೈಟು ವ್ಯಾಪಾರಿ ನಡುವೆ ಅಂಗೈಯಗಲ! ನಾಳೆ ಆ ಮಹಾಶಯ ಕೆರೆ ನುಂಗಿದರೆ ನಿಮ್ಮ ಬಾಯಿಗೆ ಬೀಗ. ಪುಢಾರಿಯ ಚೀಲದಿಂದ ಬಂದ ಹಣಕ್ಕೆ ಬಾಡಿಗೆ ಕಟ್ಟಲೇಬೇಕು.

‘ಹಾಗಾದರೆ ಪೊಲೀಸರ ಹಣ ಪಡೆದರೆ ಪೊಲೀಸರ ಬಾಲವಾಗುವುದಿಲ್ಲವೇ?’ ಎಂದು ನೀವು ಕೇಳಬೇಕು, ಕೇಳಿ! ನಾಳೆ ಠಾಣೆಯ ಎದುರು ಧರಣಿ ಕೂರಬೇಕಾದವರೂ ನೀವೇ. ಆದ್ದರಿಂದ ಷರತ್ತು ಮೊದಲು, ಹಣ ಆಮೇಲೆ. ಸಂಘವನ್ನು ಆರಿಸುವವರು ಇನ್‌ಸ್ಪೆಕ್ಟರ್ ಸಾಹೇಬರಲ್ಲ, ವಾರ್ಡಿನ ಜನ. ಅರ್ಜಿ, ನಿಯಮ, ಲೆಕ್ಕ ಎಲ್ಲವೂ ಕನ್ನಡದಲ್ಲಿ. ಯಾರಿಗೆ ಎಷ್ಟು ಎಂಬ ಪಟ್ಟಿ ಠಾಣೆಯ ಗೋಡೆಯ ಮೇಲೆ. ಹಾರ ತುರಾಯಿ, ಸನ್ಮಾನ, ಅಧಿಕಾರಿಯ ಫೋಟೋ ಬೇಡವೇ ಬೇಡ. ಇನ್ನೊಂದು ಷರತ್ತು ನಮಗೇ: 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗದ, ವರ್ಷದ ಲೆಕ್ಕ ತೋರಿಸದ ಸಂಘಕ್ಕೆ ಬಿಡಿಗಾಸೂ ಸಿಗಬಾರದು. ಕನ್ನಡದ ಬಾವುಟ ಹಿಡಿದು ಅಂಗಡಿಗಳಲ್ಲಿ ರೋಲ್‌ಕಾಲ್ ಎತ್ತುವವರ ಮುಖವಾಡ ಅಲ್ಲೇ ಕಳಚಲಿ.

ಗೆಳೆಯರೇ, ಘೋಷಣೆ ಕೂಗಿದ್ದು ಸಾಕು, ಪೆನ್ನು ಹಿಡಿಯಿರಿ. ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದ ನಿಯಮದಂತೆ ವಿಷಯ ಒಂದೇ ಇರಲಿ, ಅರ್ಜಿ 150 ಪದ ಮೀರದಿರಲಿ. ಮೂರೇ ಪ್ರಶ್ನೆ ಕೇಳಿ: ಮೂರು ವರ್ಷಗಳಲ್ಲಿ ನಿಮ್ಮ ಠಾಣೆಯ ವಾರಸುದಾರರಿಲ್ಲದ ಎಷ್ಟು ವಾಹನ ಹರಾಜಾದವು? ಬಂದ ಹಣವೆಷ್ಟು? ಅದು ಯಾವ ಖಾತೆಗೆ ಹೋಯಿತು? ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಆ ಉತ್ತರ ಹಿಡಿದು ನಿಮ್ಮ ಶಾಸಕರ ಮನೆಗೆ ಹೋಗಿ.

ಅರ್ಜಿ ಕನ್ನಡದಲ್ಲೇ ಇರಲಿ. ಉತ್ತರವೂ ಕನ್ನಡದಲ್ಲೇ ಬರಬೇಕು, ಬಿಡಬೇಡಿ!