ಸತ್ತ ಮೇಲೆ ಹೆಸರು ಬದಲಿಸಬೇಡಿ

ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯ ಬಂಧುಗಳೇ,

ರೈಲಿನಲ್ಲಿ ಚಪ್ಪಾಳೆ ಕೇಳಿಸಿದರೆ ಕಿಟಕಿಯ ಕಡೆ ಮುಖ ತಿರುಗಿಸುವವರು ನಾವೇ. ಮನೆಯಲ್ಲಿ ಕೂಸು ಹುಟ್ಟಿದಾಗ, ಅಂಗಡಿ ತೆರೆದಾಗ ಅದೇ ಕೈ ತಲೆಯ ಮೇಲೆ ಬೀಳಲಿ ಎನ್ನುವವರೂ ನಾವೇ. ಆ ಕೈಯವರು, ಲಿಂಗತ್ವ ಅಲ್ಪಸಂಖ್ಯಾತರು, ತೀರಿಕೊಂಡಾಗ ಸರ್ಕಾರದ ಪುಸ್ತಕದಲ್ಲಿ ಏನೆಂದು ಬರೆಸುತ್ತೇವೆ?

ಮೂವತ್ತು ವರ್ಷ ಹೆಣ್ಣಾಗಿ ಬಾಳಿದವರು ಸತ್ತರೆನ್ನಿ. ಎಂದೋ ಹೊರಗೆ ಹಾಕಿದ ಮನೆಯಿಂದ ಅಣ್ಣನೋ ತಮ್ಮನೋ ಬರುತ್ತಾನೆ. ಅವನು ಬಲ್ಲದ್ದು ಶಾಲೆಯ ಹಾಜರಿ ಪುಸ್ತಕದ ಹೆಸರು. ಅದನ್ನೇ ಹೇಳುತ್ತಾನೆ, ಲಿಂಗದ ಕಾಲಂನಲ್ಲಿ ‘ಗಂಡು’ ಎಂದು ಬೀಳುತ್ತದೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇದ್ದವರು ಒಬ್ಬರು, ಮರಣ ಪತ್ರದಲ್ಲಿ ಸತ್ತವರು ಇನ್ನೊಬ್ಬರು! ಖಾತೆಯಲ್ಲಿ ಉಳಿದ ನಾಲ್ಕು ಕಾಸಿಗೆ ನಾಮಿನಿಯಾದ ಚೇಲಾ, ಅಂದರೆ ಶಿಷ್ಯೆ, ಕಚೇರಿಯಿಂದ ಕಚೇರಿಗೆ ಅಲೆಯಬೇಕು.

ಇಲ್ಲಿ ಒಂದು ಮಾತು ಹೆಚ್ಚಿನವರಿಗೆ ಗೊತ್ತಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 8ನೇ ಕಲಂ ಪ್ರಕಾರ, ಮನೆಯಲ್ಲಿ ಆದ ಸಾವಿನ ಸುದ್ದಿಯನ್ನು ಮೊದಲು ಕೊಡಬೇಕಾದವರು ಮನೆಯ ಯಜಮಾನರು. ಯಜಮಾನರು ಯಾರು? ಆ ಮನೆಯವರು ಯಾರನ್ನು ಹಾಗೆಂದು ಒಪ್ಪಿದ್ದಾರೋ ಅವರು. ಅಂದರೆ ಗುರು, ಚೇಲಾಗಳು ಒಟ್ಟಿಗೆ ಬಾಳುವ ಜಮಾತಿನ ಮನೆಯಲ್ಲಿ ಸಾವಾದರೆ ಗುರುವೇ ಸುದ್ದಿ ಕೊಡಬಹುದು. ರಕ್ತಸಂಬಂಧಿ ಬರುವವರೆಗೆ ಕಾಯಬೇಕಿಲ್ಲ. ತಪ್ಪು ಬಿದ್ದಿದ್ದರೆ 15ನೇ ಕಲಂ ಅಡಿ ತಿದ್ದುಪಡಿಗೂ ದಾರಿಯಿದೆ.

ತಮ್ಮ ಲಿಂಗವನ್ನು ತಾವೇ ಹೇಳಿಕೊಳ್ಳುವ ಹಕ್ಕು ಲಿಂಗತ್ವ ಅಲ್ಪಸಂಖ್ಯಾತರಿಗಿದೆ ಎಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದೇ ಹೇಳಿತು. ನಮ್ಮ ಹೈಕೋರ್ಟು 2024ರ ಡಿಸೆಂಬರಿನಲ್ಲಿ, ಅವರ ಜನನ ಪತ್ರದಲ್ಲಿ ಹಳೆಯದರ ಜೊತೆಗೆ ಹೊಸ ಹೆಸರು, ಲಿಂಗವನ್ನೂ ನಮೂದಿಸಿ ಕೊಡಿ ಎಂದು ಆದೇಶಿಸಿತು. ಹುಟ್ಟಿದ ದಾಖಲೆಯನ್ನೇ ತಿದ್ದಬಹುದಾದರೆ ಸತ್ತ ದಾಖಲೆಯನ್ನು ಮೊದಲ ಸಲವೇ ಸರಿಯಾಗಿ ಬರೆಯಲು ಏನಡ್ಡಿ? 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ ಚಿತ್ರ ನಿರ್ದೇಶಕ ಕ್ರಿಸ್ಟೋಫರ್ ಲೀ ಗಂಡಾಗಿ ಬದುಕಿದವರು. ಮರಣ ಪತ್ರದಲ್ಲಿ ಹೆಣ್ಣೆಂದು ಬಿತ್ತು. ಗೆಳೆಯರು ಬಿಡಲಿಲ್ಲ. ಬದುಕಿದ ಲಿಂಗವನ್ನೇ ಮರಣ ಪತ್ರದಲ್ಲಿ ಬರೆಯಬೇಕೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2015ರ ಜುಲೈ 1ರಿಂದ ಜಾರಿಗೆ ಬಂತು. ನಮಗೆ ಅಷ್ಟು ದೂರದ ಕಾನೂನು ಬೇಕಿಲ್ಲ. ಕೇಳುವ ಕಿವಿ ಇದ್ದರೆ ಸಾಕು.

ಅಕ್ಕಂದಿರೇ, ಜೋಗಮ್ಮಂದಿರೇ, ಬದುಕಿರುವಾಗಲೇ ಜಿಲ್ಲಾಧಿಕಾರಿಗಳ ಕಚೇರಿಯಿಂದ ಗುರುತಿನ ಪ್ರಮಾಣಪತ್ರ ಪಡೆಯಿರಿ. ಆಧಾರ್ ಜೊತೆ ಅದನ್ನು ಗುರುವಿಗೆ ತಿಳಿಯುವ ಕಡೆ ಇಡಿ. ಆಸ್ಪತ್ರೆಯ ಸಿಬ್ಬಂದಿಯೇ, ಹೆಣದ ಮೈ ನೋಡಿ ಬರೆಯುವ ಮುನ್ನ ಕಾಗದ ನೋಡಿ, ಜೊತೆಗೆ ಬಂದವರನ್ನು ಕೇಳಿ. ನೋಂದಣಾಧಿಕಾರಿಗಳೇ, ಬಾಗಿಲಲ್ಲಿ ನಿಂತ ಚೇಲಾಗೆ ಕುರ್ಚಿ ಕೊಡಿ. ಇನ್ನು ಹೆತ್ತ ಮನೆಯವರೇ, ಮಣ್ಣಿಗೆ ಬಂದಿರಿ, ಒಳ್ಳೆಯದು. ಹೆಸರು ಹೇಳುವಾಗ ಮಾತ್ರ ಅವರು ತಾವೇ ಇಟ್ಟುಕೊಂಡದ್ದನ್ನು ಹೇಳಿ. ಸುದ್ದಿ ಕೊಡಲು ಇರುವ ಗಡುವು 21 ದಿನ.