ಜಾಮರ್ ಜೈಲಿಗೆ, ಶಿಕ್ಷೆ ನೆರೆಯವರಿಗೆ



ಬೆಂಗಳೂರಿನ ಪರಪ್ಪನ ಅಗ್ರಹಾರ ಕೇಂದ್ರ ಕಾರಾಗೃಹದ ಮೊಬೈಲ್ ಜಾಮರ್‌ಗಳ ಶಕ್ತಿ ಇನ್ನೂ ಹೆಚ್ಚಬೇಕೆಂದು ಕೆಲವರು ಹೇಳುತ್ತಾರೆ. ಸುತ್ತಲಿನ ಬಡಾವಣೆಯವರು, ನಮ್ಮ ಮನೆಗಳಲ್ಲಿ ಫೋನೇ ಹತ್ತುತ್ತಿಲ್ಲ, ಕಡಿಮೆ ಮಾಡಿ ಎನ್ನುತ್ತಾರೆ. ಸರ್ಕಾರಿ ಎಂಜಿನಿಯರಾಗಿ ನಿವೃತ್ತನಾದ ನನ್ನ ಮಟ್ಟಿಗೆ ಬಡಾವಣೆಯವರ ಮಾತೇ ಸರಿ.

ಜಾಮರ್ ಮಾಡುವುದಿಷ್ಟೆ. ಟವರಿನಿಂದ ಫೋನಿಗೆ ಸಂಕೇತ ಬರುವ ತರಂಗಾಂತರದಲ್ಲೇ ತಾನೂ ಗದ್ದಲ ಎಬ್ಬಿಸುತ್ತದೆ. ಸಂತೆಯಲ್ಲಿ ಪಿಸುಮಾತು ಕೇಳಿಸದ ಹಾಗೆ. ಹತ್ತಿರದಲ್ಲಿ ಟವರ್ ಇದ್ದರೆ ಗದ್ದಲವೂ ಜೋರಾಗಬೇಕು. ಮೂಲೆಯ ಬ್ಯಾರಕ್ಕಿಗೂ ಮುಟ್ಟುವಷ್ಟು ಜೋರು ಮಾಡಿದರೆ ಅದು ಗೋಡೆ ದಾಟುತ್ತದೆ. ರೇಡಿಯೊ ತರಂಗಕ್ಕೆ ಕಾಂಪೌಂಡ್ ಗೊತ್ತಿಲ್ಲ. ಹಳೆಯ ಜಾಮರ್‌ಗೆ 4ಜಿಯ ಹೊಸ ಬ್ಯಾಂಡ್‌ಗಳು ಸಿಗುವುದಿಲ್ಲ, ಬದಲಿಸಬೇಕು. 5ಜಿಗೆ ಮತ್ತೊಂದು ಟೆಂಡರ್. (ಟೆಂಡರ್ ಯಾರಿಗೆ ಬೇಡ ಹೇಳಿ!)

ಇಷ್ಟಾಗಿಯೂ 2024ರ ಆಗಸ್ಟ್‌ನಲ್ಲಿ, ವಿಚಾರಣಾಧೀನ ಕೈದಿಯಾಗಿದ್ದ ನಟ ದರ್ಶನ್ ಸಿಗರೇಟು ಹಿಡಿದು ಕುರ್ಚಿಯಲ್ಲಿ ಕುಳಿತ ಚಿತ್ರ ಇದೇ ಜೈಲಿನಿಂದ ಹೊರಬಂತು. 2025ರ ನವೆಂಬರ್‌ನಲ್ಲಿ ಕೈದಿಗಳು ಮೊಬೈಲ್ ಬಳಸುವ ವಿಡಿಯೊಗಳು ಬಂದವು. ಎರಡು ಸಲವೂ ಸಿಬ್ಬಂದಿಯ ಅಮಾನತಾಯಿತು.

ಫೋನ್ ಗಾಳಿಯಲ್ಲಿ ತೇಲಿ ಒಳಗೆ ಹೋಗುವುದಿಲ್ಲ. ಗೋಡೆಯಾಚೆಯಿಂದ ಎಸೆಯುವುದುಂಟು, ನಿಜ. ಎಸೆದದ್ದನ್ನು ಹೆಕ್ಕಿಕೊಳ್ಳಲು ಬಿಟ್ಟವರು ಯಾರು? ಬ್ಯಾರಕ್ಕಿನಲ್ಲಿ ದಿನಾ ಚಾರ್ಜ್ ಆಗುತ್ತಿದ್ದರೂ ಕಾಣದವರು ಯಾರು? ಗೇಟಿನ ತಪಾಸಣೆ ಒಂದು ಕಾಯಕ. ಅದನ್ನು ಲಂಚಕ್ಕೆ ಮಾರಿಕೊಂಡವರ ತಪ್ಪಿಗೆ ರಾತ್ರಿ 108ಕ್ಕೆ ಕರೆ ಹತ್ತದೆ ಒದ್ದಾಡುವವರು ಗೋಡೆಯಾಚೆಯ ಸಂಸಾರಸ್ಥರು.

ಇನ್ನೊಂದು ಮಾತನ್ನು ಯಾರೂ ಎತ್ತುವುದಿಲ್ಲ. ನಮ್ಮ ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ತೀರ್ಪು ಬಾರದ ವಿಚಾರಣಾಧೀನರು. ಹೆಂಡತಿ ಮಕ್ಕಳ ಜೊತೆ, ವಕೀಲರ ಜೊತೆ ಮಾತಾಡಲು ಜೈಲಿನ ಅಧಿಕೃತ ದೂರವಾಣಿ ಅವರಿಗೆ ಸುಲಭವಾಗಿ, ಸಾಕಷ್ಟು ಹೊತ್ತು ಸಿಗಬೇಕು. ಸಿಕ್ಕರೆ ಕಳ್ಳ ಫೋನಿನ ಗಿರಾಕಿ ಅರ್ಧ ಕಡಿಮೆಯಾಗುತ್ತಾರೆಂದು ನನ್ನ ಲೆಕ್ಕ. ಉಳಿಯುವವರು ದುಡ್ಡಿರುವ ದೊಡ್ಡವರು. ಅವರಿಗೆ ಫೋನ್ ತಲುಪಿಸುವ ಕೈಗಳನ್ನು ಯಾವ ಜಾಮರೂ ತಡೆಯದು.

ಆದ್ದರಿಂದ ಮೊದಲು ಜೈಲಿನ ಗೋಡೆಯ ಹೊರಗೆ ಜಾಮರ್ ಸಂಕೇತವನ್ನು ನಿವಾಸಿಗಳ ಎದುರಲ್ಲೇ ಅಳೆಯಿರಿ, ಅಂಕಿ ಪ್ರಕಟಿಸಿ, ಶಕ್ತಿ ತಗ್ಗಿಸಿ. ಗೇಟಿನ ಕ್ಯಾಮೆರಾ ದೃಶ್ಯಗಳನ್ನು ಜೈಲಿನವರೇ ನೋಡಿಕೊಂಡರೆ ಸಾಲದು, ತಿಂಗಳಿಗೊಮ್ಮೆ ಜಿಲ್ಲಾ ನ್ಯಾಯಾಧೀಶರ ಮುಂದೆಯೂ ಇಡಿ.